ಡೀಸೆಲ್ ಲೆಕ್ಕ ಕೇಳಿದ ಬೆಳಗ್ಗೆ: ಶೈತ್ಯಾಗಾರದ ವ್ಯವಸ್ಥಾಪಕರೊಬ್ಬರ ಪ್ರಕರಣ ಅಧ್ಯಯನ

ಹಾವೇರಿ ಜಿಲ್ಲೆಯ ಬ್ಯಾಡಗಿ ಸೀಮೆಯ ಒಂದು ಶೈತ್ಯಾಗಾರದಲ್ಲಿ ನಡೆದ ಪ್ರಕರಣ ಇದು. ಸಂಸ್ಥೆಯ ಹೆಸರು, ಮಾಲೀಕರ ಮನೆತನ, ವ್ಯವಸ್ಥಾಪಕರ ಊರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಸಿಬ್ಬಂದಿ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಕಾರ್ಮಿಕರ ಅಸಮಾಧಾನ ಎಂದು ಕರೆಯುವವರು ಬಹಳ ಮಂದಿ ಇದ್ದಾರೆ. ವ್ಯವಸ್ಥಾಪಕರೊಬ್ಬರು ಮನನೊಂದಿದ್ದಾರೆ, ಬನ್ನಿ ಎಂದು ಕರೆಯುವವರು ಅಪರೂಪ. ಅದಕ್ಕಾಗಿಯೇ ಇದನ್ನು ಬರೆದಿಡಬೇಕು ಎನ್ನಿಸಿತು.

ಹಿನ್ನೆಲೆ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತಂದುಕೊಡುವುದು ಖಾರಕ್ಕಿಂತ ಹೆಚ್ಚಾಗಿ ಅದರ ಬಣ್ಣ. ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸಾರ ಆಹಾರ ಪದಾರ್ಥಗಳಿಗಷ್ಟೇ ಅಲ್ಲದೆ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸಾದಾ ಗೋದಾಮಿನಲ್ಲಿಟ್ಟರೆ ಈ ಬಣ್ಣ ಮಾಸುತ್ತದೆ, ಹುಳ ಹತ್ತುತ್ತದೆ. ಹಾಗಾಗಿ ಬ್ಯಾಡಗಿಯ ಸುತ್ತ ಸಾಲುಸಾಲಾಗಿ ಶೈತ್ಯಾಗಾರಗಳು ಎದ್ದಿವೆ. ಡಿಸೆಂಬರ್, ಜನವರಿಯಿಂದ ಬರುವ ಮಾಲು ಬೇಸಿಗೆಯ ಹೊತ್ತಿಗೆ ಅವುಗಳೊಳಗೆ ಸೇರುತ್ತದೆ. ರೈತ ಒಳ್ಳೆಯ ಧಾರಣೆಗೆ ಕಾಯುತ್ತಾನೆ, ವ್ಯಾಪಾರಿ ಬೇಡಿಕೆಗೆ ಕಾಯುತ್ತಾನೆ. ಶೈತ್ಯಾಗಾರದ ರಸೀದಿಯನ್ನು ಒತ್ತೆ ಇಟ್ಟು ಬ್ಯಾಂಕಿನಿಂದ ಸಾಲ ಪಡೆಯುವವರೂ ಇದ್ದಾರೆ. ಆ ರಸೀದಿಗೆ ಸಹಿ ಹಾಕುವವರು ವ್ಯವಸ್ಥಾಪಕರು.

ನಮ್ಮ ಪ್ರಕರಣದ ವ್ಯವಸ್ಥಾಪಕರಿಗೆ ಐವತ್ತರ ಆಸುಪಾಸು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ ಕಂಪ್ರೆಸರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅದೇ ಘಟಕದಲ್ಲಿ ಮೇಲೇರಿದವರು. ಅಮೋನಿಯಾ ಯಂತ್ರಗಳನ್ನು ನೋಡಿಕೊಳ್ಳುವ ಆಪರೇಟರುಗಳು, ಗುಮಾಸ್ತರು, ಗುತ್ತಿಗೆಯ ಹಮಾಲರು, ಪಕ್ಕದ ಶೆಡ್ಡಿನಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಇವರೆಲ್ಲರ ಉಸ್ತುವಾರಿ ಅವರದು. ಮಾಲೀಕರು ಹುಬ್ಬಳ್ಳಿಯಲ್ಲಿರುತ್ತಾರೆ. ಬ್ಯಾಡಗಿಯಲ್ಲಿ ಅವರದೇ ದಲಾಲಿ ಅಂಗಡಿಯಿದೆ, ಲಕ್ಷ್ಯವೆಲ್ಲ ಅದರ ಮೇಲೆ. ಶೈತ್ಯಾಗಾರವೆಂದರೆ ಅವರಿಗೆ ಬಾಡಿಗೆ ಬರುವ ಕಟ್ಟಡ, ಅಷ್ಟೆ.

ಸಮಸ್ಯೆ

ಏಪ್ರಿಲ್ ತಿಂಗಳ ಒಂದು ಸಂಜೆ ಗುಡುಗು, ಗಾಳಿ, ಆಲಿಕಲ್ಲು. ಕಂಬಗಳು ಉರುಳಿ ಹನ್ನೊಂದು ತಾಸು ವಿದ್ಯುತ್ ಇರಲಿಲ್ಲ. ಶೈತ್ಯಾಗಾರ ಬಹುತೇಕ ಭರ್ತಿಯಾಗಿದ್ದ ದಿನಗಳವು. ವ್ಯವಸ್ಥಾಪಕರು ಮನೆಗೆ ಹೋಗದೆ ರಾತ್ರಿಯಿಡೀ ಅಲ್ಲೇ ಇದ್ದರು. ಒಂದು ಚೀಲವೂ ಕೆಡಲಿಲ್ಲ. ಬೆಳಗ್ಗೆ ಮಾಲೀಕರ ಫೋನ್ ಬಂತು. ಎರಡು ಪ್ರಶ್ನೆಗಳಿದ್ದವು: "ಡೀಸೆಲ್ ಬಿಲ್ ಇಷ್ಟೇಕೆ ಬಂದಿದೆ? ನಮ್ಮ ಸಂಬಂಧಿಕರ ಲಾರಿಯನ್ನು ರಾತ್ರಿ ಹೊರಗೆ ಏಕೆ ನಿಲ್ಲಿಸಿದಿರಿ?"

ಮುಂದಿನ ತಿಂಗಳು ವ್ಯವಸ್ಥಾಪಕರು ರಾಜೀನಾಮೆ ಕೊಟ್ಟರು. ಎರಡೇ ಸಾಲು, ಕಾರಣ ಬರೆದಿರಲಿಲ್ಲ. ಬೇರೆಯವರು ಹೆಚ್ಚು ಪಗಾರ ತೋರಿಸಿರಬೇಕು ಎಂದು ಮಾಲೀಕರು ಭಾವಿಸಿ ತಾವೂ ಪಗಾರ ಹೆಚ್ಚಿಸುವ ಮಾತಾಡಿದರು. ವ್ಯವಸ್ಥಾಪಕರು ಹೆಚ್ಚಳವನ್ನೂ ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ. ದೀಪಾವಳಿಯವರೆಗೆ ಇರಿ ಎಂಬ ಮಾತಿಗೆ ಮಾತ್ರ ಒಪ್ಪಿದರು.

ಪಗಾರದ ಮಾತು ಬಂದದ್ದರಿಂದ ಇಲ್ಲಿ ಕಾನೂನಿನ ಒಂದು ಸಂಗತಿ ಹೇಳಬೇಕು. ವ್ಯವಸ್ಥಾಪಕ ಎಂಬ ಮನುಷ್ಯ ನಮ್ಮ ಕಾಯ್ದೆಗಳಿಗೆ ಯಾವಾಗ ಕಾಣಿಸುತ್ತಾನೆ ಎಂಬುದನ್ನು ಈ ವೃತ್ತಿಯಲ್ಲಿರುವ ಎಲ್ಲರೂ ಒಮ್ಮೆ ಯೋಚಿಸಬೇಕು. ಈ ಪ್ರಕರಣದ ಕಾಲಕ್ಕೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯು ಶೈತ್ಯಾಗಾರದಲ್ಲಿ ಸರಕು ಸಂಗ್ರಹಿಸುವುದನ್ನೂ ಉತ್ಪಾದನಾ ಪ್ರಕ್ರಿಯೆ ಎಂದೇ ಎಣಿಸುತ್ತಿತ್ತು. ಕಾರ್ಖಾನೆಗೊಬ್ಬ ವ್ಯವಸ್ಥಾಪಕನನ್ನು ಹೆಸರಿಸಿ ಇಲಾಖೆಗೆ ತಿಳಿಸಬೇಕಿತ್ತು. ನಿಯಮ ಮುರಿದರೆ 92ನೇ ಕಲಮಿನಡಿ ಮಾಲೀಕನ ಜೊತೆಗೆ ವ್ಯವಸ್ಥಾಪಕನೂ ತಪ್ಪಿತಸ್ಥನಾಗುತ್ತಿದ್ದ: ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆಯಲ್ಲಿ ಹೀಗೆ ಸಮಪಾಲು. ಆದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಕಾರ್ಮಿಕ ಎಂಬ ವ್ಯಾಖ್ಯೆಯಿಂದ ಆತ ಹೊರಗಿದ್ದ. ಆ ಕಾಯ್ದೆ ಕಾರ್ಮಿಕನಿಗೆ ಕೊಡುತ್ತಿದ್ದ ರಕ್ಷಣೆ ಅವನಿಗಿರಲಿಲ್ಲ. ಆಗ ಜಾರಿಯಲ್ಲಿದ್ದ 1965ರ ಬೋನಸ್ ಕಾಯ್ದೆಯ ಪ್ರಕಾರ ಪಗಾರ ತಿಂಗಳಿಗೆ 21,000 ರೂಪಾಯಿ ದಾಟಿದವರಿಗೆ ಬೋನಸ್ ಕೊಡಬೇಕಾಗಿರಲಿಲ್ಲ. ಆಪರೇಟರಿಗೆ ಕನಿಷ್ಠ ಶೇ 8.33 ಸಿಗುವಾಗ ಆ ಪಟ್ಟಿಯನ್ನು ತಯಾರಿಸಿ ಸಹಿ ಹಾಕುವವರಿಗೆ ಏನೂ ಇರಲಿಲ್ಲ. ದೀಪಾವಳಿಯ ಮುನ್ನಾದಿನ ಎಲ್ಲರಿಗೂ ಲಕೋಟೆ ಹಂಚಿ ಬರಿಗೈಯಲ್ಲಿ ಮನೆಗೆ ಹೋಗುವುದು ಈ ಮನುಷ್ಯನಿಗೆ ವರ್ಷವರ್ಷದ ಅನುಭವವಾಗಿತ್ತು. ಕಾಯ್ದೆಯ ಲೆಕ್ಕದಲ್ಲಿ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಯಾರಿಗೂ ಅದು ಕಣ್ಣಿಗೆ ಬೀಳದೇ ಹೋದದ್ದು ನನಗೆ ನೋವಿನ ಸಂಗತಿಯಾಗಿಯೇ ಕಂಡಿತು.

ಮೊದಲ ಪ್ರಯತ್ನ

ಆ ನಡುವೆ ಮಾಲೀಕರ ಮಗ ವ್ಯವಹಾರಕ್ಕೆ ಬಂದರು. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರು, ಒಳ್ಳೆಯ ಮನಸ್ಸಿನವರು. ವ್ಯವಸ್ಥಾಪಕರಿಗೆ ಯಾರೂ ಒಂದು ಮೆಚ್ಚುಗೆಯ ಮಾತು ಆಡಿಲ್ಲ ಎಂಬುದನ್ನು ಆ ಮನೆಯಲ್ಲಿ ಮೊದಲು ಗುರುತಿಸಿದವರು ಅವರೇ. ಅಕ್ಟೋಬರ್ 16ರಂದು 'ಬಾಸ್ ದಿನ' ಆಚರಿಸೋಣ ಎಂದರು. ಇದು ಅಮೆರಿಕದ ಆಚರಣೆ. ಇಲಿನಾಯ್ ರಾಜ್ಯದ ವಿಮಾ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಪೆಟ್ರೀಷಿಯಾ ಬೇಸ್ ಹ್ಯಾರೋಸ್ಕಿ ಎಂಬ ಮಹಿಳೆ 1958ರಲ್ಲಿ ತಮ್ಮ ತಂದೆಯ ಜನ್ಮದಿನವನ್ನೇ ಆರಿಸಿ ಈ ದಿನವನ್ನು ನೋಂದಾಯಿಸಿದರು. ಆಕೆಯ ತಂದೆಯೇ ಆಕೆಗೆ ಮೇಲಧಿಕಾರಿಯೂ ಆಗಿದ್ದರು. 1962ರಲ್ಲಿ ಆ ರಾಜ್ಯದ ಗವರ್ನರ್ ಅದನ್ನು ಅಧಿಕೃತವಾಗಿ ಘೋಷಿಸಿದರು. ಮಗಳು ತಂದೆಗೆ ಹೇಳಿದ ಕೃತಜ್ಞತೆ ಅದರ ಮೂಲ. ಕೂಲಿಯವರು ಕೂಲಿ ಲೆಕ್ಕ ಬರೆಯುವವರಿಗೆ ಉಡುಗೊರೆ ಕೊಟ್ಟರೆ ಅದರ ಅರ್ಥವೇ ಬೇರೆಯಾಗುತ್ತದೆ.

ಆದದ್ದೂ ಹಾಗೆಯೇ. ಉಡುಗೊರೆಗೆಂದು ಗುಮಾಸ್ತರು ತಲೆಗೆ ಐವತ್ತು ರೂಪಾಯಿ ವಂತಿಗೆ ಎತ್ತಿದರು. ಶಾಲು, ಹಾರ, ಫಲಕ, ಧಾರವಾಡ ಪೇಢೆ, ಫೋಟೊ ಎಲ್ಲವೂ ನಡೆದವು. ವಂತಿಗೆ ಕೊಡದ ಹಮಾಲರ ಹೆಸರು ಬರೆದಿಟ್ಟುಕೊಂಡಿದ್ದಾರೆ, ಹಂಗಾಮಿನಲ್ಲಿ ಅವರಿಗೆ ಲಾರಿ ಸಿಗುವುದಿಲ್ಲ ಎಂಬ ಸುದ್ದಿ ಎರಡೇ ದಿನದಲ್ಲಿ ಎಲ್ಲ ಕಡೆ ಹರಡಿತು. ವ್ಯವಸ್ಥಾಪಕರಿಗೆ ಈ ವಿಷಯ ತಿಳಿದದ್ದು ಹಮಾಲರ ಗುಂಪಿನ ಮುಖ್ಯಸ್ಥ ಮುಕ್ಕಾದಮನಿಂದ. ಅವರು ಪಟ್ಟಿ ತರಿಸಿಕೊಂಡು ಪ್ರತಿಯೊಬ್ಬರ ಐವತ್ತು ರೂಪಾಯಿಯನ್ನು ತಮ್ಮ ಪಗಾರದಿಂದ ಮರಳಿಸಿದರು. ಆ ವಾರವೇ ಎರಡನೆಯ ರಾಜೀನಾಮೆ ಬರೆದರು. ಈ ಸಲ ಒಂದು ಕಾರಣವಿತ್ತು: "ನನ್ನಿಂದಾಗಿ ಕೂಲಿಯವರ ಹಣ ಹೋಗುವಂತಾಯಿತು."

ನನಗೆ ಕರೆ ಬಂದದ್ದು ಇದಾದ ಮೇಲೆ.

ಆಯುಧಪೂಜೆಯಂದು ಇಟ್ಟ ಕುಂಕುಮ ಕಂಪ್ರೆಸರಿನ ಮೇಲೆ, ತೂಕದ ಯಂತ್ರದ ಮೇಲೆ, ಜನರೇಟರಿನ ಮೇಲೆ ಇನ್ನೂ ಉಳಿದಿತ್ತು. ನಮ್ಮ ಕಡೆ ಯಂತ್ರಕ್ಕೂ ಎತ್ತಿಗೂ ಕೃತಜ್ಞತೆ ಸಲ್ಲಿಸುವ ಪದ್ಧತಿ ಗಟ್ಟಿಯಾಗಿದೆ. ಆ ಯಂತ್ರಗಳನ್ನು ವರ್ಷವಿಡೀ ಕಾಯುವವನಿಗೆ ಅಂಥ ದಿನವಿಲ್ಲ ಎಂದು ಮಾಲೀಕರ ಮಗನಿಗೆ ಅನ್ನಿಸಿದ್ದು ಸಹಜವೇ ಆಗಿತ್ತು.

ನೋಂದಣಿ ಪುಸ್ತಕ

ನಾನು ಮೊದಲು ಕೇಳಿಕೊಂಡದ್ದು, ಯಾವ ಸಮಾರಂಭವೂ ಬೇಡ ಎಂದು. ಎರಡನೆಯದಾಗಿ, ಘಟಕದ ನೋಂದಣಿ ಪುಸ್ತಕಗಳನ್ನು ಮಾಲೀಕರ ಮಗ ವ್ಯವಸ್ಥಾಪಕರ ಪಕ್ಕದಲ್ಲಿ ಕುಳಿತು ಓದಬೇಕು ಎಂದು. ತಪ್ಪು ಹುಡುಕುವುದು ಉದ್ದೇಶವಲ್ಲ ಎಂದು ಇಬ್ಬರಿಗೂ ಸ್ಪಷ್ಟವಾಗಿ ಹೇಳಿದೆ. ವ್ಯವಸ್ಥಾಪಕರು ಮೊದಲು ಒಲ್ಲೆನೆಂದರು. ಕೊನೆಗೆ, ಹೇಗೂ ಹೋಗುವವನು, ಲೆಕ್ಕ ಒಪ್ಪಿಸಿಯೇ ಹೋಗುತ್ತೇನೆ ಎಂದು ಕುಳಿತರು.

ಬಿರುಗಾಳಿಯ ರಾತ್ರಿಯ ಪುಟವನ್ನು ನಾನೇ ತೆರೆಸಿದೆ. ನೀಲಿ ಶಾಯಿಯಲ್ಲಿ ಒತ್ತಿ ಬರೆದ ಸಣ್ಣ ಅಕ್ಷರ, ಪುಟದ ಅಂಚಿಗೆ ಮೆಣಸಿನ ಪುಡಿ ಹತ್ತಿದ ಬೆರಳಿನ ಗುರುತು. ಹೀಗಿತ್ತು:

"ಸಂಜೆ 6.40 ವಿದ್ಯುತ್ ಹೋಯಿತು. ಮೂರೂ ಬಾಗಿಲಿಗೆ ಬೀಗ. ಹೊರಗೆ 3 ಲಾರಿ, ಬೆಳಗಿನವರೆಗೆ ಇಳಿಸುವುದಿಲ್ಲ ಎಂದು ಹೇಳಿದೆ. ತಾಡಪತ್ರಿ ಹೊದಿಸಿದೆ. ರಾತ್ರಿ 9.00: ಕೋಣೆ 1, 5.2 ಡಿಗ್ರಿ. ಕೋಣೆ 2, 5.6. ಕೋಣೆ 3, 6.4 (ಹೊಸ ಮಾಲು, ಕಾಲುಭಾಗ ಖಾಲಿ). 10.30 ಜನರೇಟರ್, ಕೋಣೆ 3ಕ್ಕೆ ಮಾತ್ರ. 12.15 ನಿಲ್ಲಿಸಿದೆ. 3.30 ಮತ್ತೆ, ಕೋಣೆ 3 ಮತ್ತು 2. ಬೆಳಗ್ಗೆ 5.50 ವಿದ್ಯುತ್ ಬಂತು."

ಮಾಲೀಕರ ಮಗ ಕೇಳಿದ ಮೊದಲ ಪ್ರಶ್ನೆಯೇ ಈ ಪ್ರಕರಣದ ತಿರುವು: "ಜನರೇಟರನ್ನು ರಾತ್ರಿಯಿಡೀ ಏಕೆ ಓಡಿಸಲಿಲ್ಲ?" ಅವರು ಕುತೂಹಲದಿಂದ ಕೇಳಿದರು, ಅದರಲ್ಲಿ ಆಕ್ಷೇಪವಿರಲಿಲ್ಲ. ವ್ಯವಸ್ಥಾಪಕರು ಆ ತಿಂಗಳಲ್ಲಿ ಮೊದಲ ಬಾರಿಗೆ ಮನಬಿಚ್ಚಿ ಮಾತಾಡಿದರು. ತುಂಬಿದ ಕೋಣೆಯಲ್ಲಿ ಸಾವಿರಾರು ತಣ್ಣನೆಯ ಚೀಲಗಳಿರುತ್ತವೆ. ಬಾಗಿಲು ತೆರೆಯದಿದ್ದರೆ ಆ ತಂಪು ತಾನೇ ತಾಸುಗಟ್ಟಲೆ ನಿಲ್ಲುತ್ತದೆ. ಪೂರ್ತಿ ತುಂಬದ ಕೋಣೆ ಬೇಗ ಬಿಸಿಯೇರುತ್ತದೆ, ಅದರಲ್ಲೂ ಬಿಸಿಲಿನಿಂದ ಆಗಷ್ಟೇ ಬಂದ ಮಾಲಿದ್ದರೆ ಇನ್ನೂ ಬೇಗ. ಆದ್ದರಿಂದ ಡೀಸೆಲ್ ಖರ್ಚಾಗಬೇಕಾದದ್ದು ಮೂರನೆಯ ಕೋಣೆಗೆ. ಲಾರಿಗಳನ್ನು ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಒಂದು ಲಾರಿ ಇಳಿಸಲು ಬಾಗಿಲು ತೆರೆದಿಟ್ಟರೆ ಹೊರಗಿನ ಹಸಿಗಾಳಿ ಒಳನುಗ್ಗಿ ತಣ್ಣನೆಯ ಚೀಲಗಳ ಮೇಲೆ ನೀರಾಗುತ್ತದೆ, ಆ ನೀರಿನಿಂದ ಬೂಷ್ಟು ಹಿಡಿಯುತ್ತದೆ.

ಡೀಸೆಲ್ ಬಿಲ್ಲಿನ ಉತ್ತರ ಇನ್ನೊಂದು ಪುಸ್ತಕದಲ್ಲಿತ್ತು. ಮಾಲೀಕರು ನೋಡಿದ ಬಿಲ್ಲು ಆ ರಾತ್ರಿಯ ಬಳಕೆಯದಲ್ಲ. ಮಳೆಯ ಮುನ್ಸೂಚನೆ ಕೇಳಿ ವ್ಯವಸ್ಥಾಪಕರು ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಟ್ಟಿದ್ದರು. ಅದರಲ್ಲಿ ಮೂರನೆಯ ಒಂದು ಭಾಗವೂ ಖರ್ಚಾಗಿರಲಿಲ್ಲ. ಉಳಿದ ಡೀಸೆಲ್ ಜೂನ್ ತನಕ ಬಂತು. ಇದೆಲ್ಲ ತಿಂಗಳುಗಟ್ಟಲೆ ಕಪಾಟಿನಲ್ಲೇ ಇತ್ತು. ಯಾರೂ ತೆರೆದಿರಲಿಲ್ಲ, ವ್ಯವಸ್ಥಾಪಕರೂ ತಾವಾಗಿ ತೋರಿಸಿರಲಿಲ್ಲ. ಏಕೆ ತೋರಿಸಲಿಲ್ಲ ಎಂದು ಕೇಳಿದೆ. "ಕೇಳಿದ್ದು ಲೆಕ್ಕವಾಗಿದ್ದರೆ ತೋರಿಸುತ್ತಿದ್ದೆ. ಅಂದು ಕೇಳಿದ್ದು ಲೆಕ್ಕವಲ್ಲ" ಎಂದರು.

ಈ ಮಾತಿನ ಮೇಲೆ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ವ್ಯವಸ್ಥಾಪಕರ ಒಳ್ಳೆಯ ಕೆಲಸವೆಂದರೆ ಬಹುಪಾಲು ಆಗದೇ ಉಳಿದ ಸಂಗತಿಗಳು. ಕೆಡದ ಚೀಲ, ಸೋರದ ಅಮೋನಿಯಾ, ನಡೆಯದ ಜಗಳ, ಮರಳಿ ಬಾರದ ಮಾಲು. ಇವು ಯಾವ ವರದಿಯಲ್ಲೂ ಸಾಲಾಗಿ ನಿಲ್ಲುವುದಿಲ್ಲ. ಹಮಾಲರ ಕೆಲಸವನ್ನು ಚೀಲದಲ್ಲಿ ಎಣಿಸಬಹುದು, ತೊಟ್ಟು ಬಿಡಿಸಿದ್ದನ್ನು ಕಿಲೋದಲ್ಲಿ ತೂಗಬಹುದು. ಈ ಕೆಲಸವನ್ನು ಕಾಣಬೇಕಾದರೆ ಯಾರಾದರೂ ಪಕ್ಕದಲ್ಲಿ ಕುಳಿತು, ಅಂದು ಬೇರೆ ಏನು ಮಾಡಬಹುದಿತ್ತು, ಇದನ್ನೇ ಏಕೆ ಮಾಡಿದಿರಿ ಎಂದು ಕೇಳಲೇಬೇಕು. ಶಾಲು ಹೊದಿಸುವುದು ಸುಲಭ, ಅದಕ್ಕೆ ಏನೂ ತಿಳಿದಿರಬೇಕಾಗಿಲ್ಲ.

ಕೆಳಗಿನವರ ಮಾತು

ಮೇಲಿನವರು ಕಾಣದಿದ್ದುದನ್ನು ಕೆಳಗಿನವರು ಎಷ್ಟು ಕಂಡಿದ್ದಾರೆ ಎಂದು ತಿಳಿಯಬೇಕಿತ್ತು. ವ್ಯವಸ್ಥಾಪಕರು ಇಲ್ಲದ ಹೊತ್ತಿನಲ್ಲಿ, ಹೆಸರು ಬರೆದುಕೊಳ್ಳದೆ, ಒಂದೇ ಪ್ರಶ್ನೆ ಕೇಳಿದೆ: ಇವರು ಇದ್ದುದರಿಂದ ನಿಮ್ಮ ಕೆಲಸದಲ್ಲಿ ಏನು ಬೇರೆಯಾಯಿತು, ಒಳ್ಳೆಯದೋ ಕೆಟ್ಟದ್ದೋ?

ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಹೇಳಿದ್ದು ಎರಡು. ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪದಂತೆ ತೂಕವನ್ನು ಮೊದಲಿಗಿಂತ ಬೇಗ ಮುಗಿಯುವಂತೆ ಮಾಡಿದವರು ಇವರು. ಮೊದಲು ತೂಕಕ್ಕೆ ಕಾದು ಕಾದು ಬಸ್ಸು ಹೋಗುತ್ತಿತ್ತು, ಟಂಟಂ ಆಟೊಗೆ ದುಡಿದದ್ದರಲ್ಲಿ ಪಾಲು ಹೋಗುತ್ತಿತ್ತು. ಇನ್ನೊಂದು, ಶೆಡ್ಡಿನ ಪಶ್ಚಿಮದ ಗೋಡೆಯಲ್ಲಿ ಜಾಲರಿ ಹಾಕಿಸಿದ್ದು. ಗಾಳಿ ಆಡಿದ್ದರಿಂದ ಘಾಟು ಕಡಿಮೆಯಾಗಿ ಕೆಮ್ಮು ಇಳಿಯಿತು. ಈ ಎರಡೂ ವಿಷಯಗಳು ಮಾಲೀಕರಿಗೆ ಗೊತ್ತೇ ಇರಲಿಲ್ಲ.

ಹಮಾಲರ ಮಾತಿನಲ್ಲಿ ದೂರುಗಳೇ ಮುಂದಿದ್ದವು. ಎತ್ತರದ ದನಿಯಲ್ಲಿ ಗದರುತ್ತಾರೆ. ಕೂಲಿ ದರದ ಮಾತೆತ್ತಿದರೆ ಮಾಲೀಕರತ್ತ ಬೆರಳು ತೋರಿಸಿ ನುಣುಚಿಕೊಳ್ಳುತ್ತಾರೆ. ಆದರೂ ಒಬ್ಬ ಹಿರಿಯ ಹಮಾಲ ಹೇಳಿದ ಮಾತು ಇದು: "ಬೇರೆ ಕಡೆ ಚೀಲವನ್ನು ಹನ್ನೆರಡು ಸಾಲು ಏರಿಸುತ್ತಾರೆ. ಇವರು ಬೀಳುವ ಎತ್ತರಕ್ಕೆ ಏರಿಸಗೊಡುವುದಿಲ್ಲ. ಜಾಗ ಹಾಳಾಗುತ್ತದೆ ಎಂದು ಮಾಲೀಕರು ಬೈದರೂ ಬಿಡಲಿಲ್ಲ."

ಇವನ್ನೆಲ್ಲ ಬರೆದು ವ್ಯವಸ್ಥಾಪಕರಿಗೆ ಓದಿ ಹೇಳಿದೆ, ದೂರುಗಳನ್ನೂ ಸೇರಿಸಿಯೇ. ದೂರು ಬಿಟ್ಟು ಹೊಗಳಿಕೆ ಮಾತ್ರ ಹೇಳೋಣ ಎಂದು ಮಾಲೀಕರ ಮಗ ಸೂಚಿಸಿದ್ದರು, ನಾನು ಒಪ್ಪಲಿಲ್ಲ. ದೂರು ಕೇಳಿದಾಗ ವ್ಯವಸ್ಥಾಪಕರು ತಲೆಯಾಡಿಸಿದರು. ಹಿರಿಯ ಹಮಾಲನ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನು ಇನ್ನೊಮ್ಮೆ ಓದಿ ಎಂದರು. ದೂರಿನ ಜೊತೆಗೇ ಬಂದದ್ದರಿಂದ ಅವರು ಆ ಮೆಚ್ಚುಗೆಯನ್ನು ನಂಬಿದರು. ಬರಿಯ ಹೊಗಳಿಕೆಯಾಗಿದ್ದರೆ ಅದನ್ನೂ ಅಕ್ಟೋಬರಿನ ಹಾರದ ಲೆಕ್ಕಕ್ಕೇ ಸೇರಿಸುತ್ತಿದ್ದರು.

ತೆಗೆದುಕೊಂಡ ನಿರ್ಧಾರಗಳು

ಏನು ಬೇಕು ಎಂದು ಕೇಳಿದಾಗ ವ್ಯವಸ್ಥಾಪಕರು ಪಗಾರದ ಹೆಸರೆತ್ತಲಿಲ್ಲ. "ಜನರೇಟರಿನ ಬ್ಯಾಟರಿಗೆ ಮೂರು ಸಲ ಕೇಳಿದ್ದೇನೆ. ಕೇಳದೆ ಕೊಳ್ಳುವ ಹಾಗಿರಬೇಕು" ಎಂದರು. ಮಾಲೀಕರಿಗೆ ಇದು ಎಲ್ಲಕ್ಕಿಂತ ಕಠಿಣವಾಯಿತು. ಶಾಲಿಗೆ, ಫಲಕಕ್ಕೆ, ಪಗಾರ ಹೆಚ್ಚಳಕ್ಕೂ ಸಿದ್ಧರಿದ್ದವರು ಕೈಯ ಅಧಿಕಾರ ಬಿಟ್ಟುಕೊಡಲು ಹಿಂಜರಿದರು. ಅಪ್ಪ ಮಗನ ನಡುವೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ದುರಸ್ತಿ ಮತ್ತು ಸುರಕ್ಷತೆಯ ಕೆಲಸಕ್ಕೆ ಒಂದು ಸಲಕ್ಕೆ 25,000 ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು, ತಿಂಗಳ ಕೊನೆಗೆ ಲೆಕ್ಕ ತೋರಿಸಬೇಕು ಎಂದು ಬರಹದಲ್ಲಿ ನಿರ್ಧಾರವಾಯಿತು.

ಕಾಯ್ದೆ ಕೇಳದಿದ್ದರೂ ಆಪರೇಟರುಗಳಿಗೆ ಎಷ್ಟು ಶೇಕಡಾ ಬೋನಸ್ ಬರುತ್ತದೆಯೋ ಅಷ್ಟನ್ನೇ ವ್ಯವಸ್ಥಾಪಕರಿಗೂ ದೀಪಾವಳಿಗೆ ಕೊಡುವುದೆಂದಾಯಿತು. ಹಿರಿಯ ಆಪರೇಟರರೊಬ್ಬರನ್ನು ಸಹಾಯಕರಾಗಿ ತರಬೇತಿ ಕೊಟ್ಟು ತಯಾರು ಮಾಡಿ, ಮಾಲು ಕಡಿಮೆಯಿರುವ ತಿಂಗಳಲ್ಲಿ ವ್ಯವಸ್ಥಾಪಕರು ಫೋನ್ ಬಂದ್ ಮಾಡಿ ರಜೆ ಹೋಗಬಹುದೆಂದಾಯಿತು. ತಿಂಗಳಿಗೊಮ್ಮೆ ಮಾಲೀಕರ ಮಗ ನೋಂದಣಿ ಪುಸ್ತಕ ಓದಲು ಬರುವುದು ಹಾಗೆಯೇ ಮುಂದುವರಿಯಿತು. ಪ್ರಶಸ್ತಿ, ಫಲಕಗಳನ್ನು ಪೂರ್ತಿ ಕೈಬಿಟ್ಟೆವು.

ಮುಂದೆ ನಡೆದದ್ದು

ಎಲ್ಲವೂ ಸಲೀಸಾಗಿ ನಡೆಯಿತು ಎನ್ನಲಾಗದು. ಅಧಿಕಾರ ಸಿಕ್ಕ ಮೊದಲ ವಾರವೇ ವ್ಯವಸ್ಥಾಪಕರು ಬ್ಯಾಟರಿ ಕೊಂಡರು. ಬಿಲ್ ಕಂಡ ಕೂಡಲೇ ಮಾಲೀಕರು ಹಳೆಯ ಅಭ್ಯಾಸದಂತೆ ಫೋನ್ ಹಚ್ಚಿದರು. ಮಗ ಮಧ್ಯೆ ಬಂದು, ಬರೆದುಕೊಟ್ಟ ಮಾತನ್ನು ನೆನಪಿಸಬೇಕಾಯಿತು. ದಲಾಲಿ ಅಂಗಡಿಯ ಮುನೀಮರು ತಮಗೂ ಬೋನಸ್ ಬೇಕೆಂದರು. ಅವರ ಬೇಡಿಕೆ ನ್ಯಾಯವಾದದ್ದೇ ಆಗಿತ್ತು, ಮುಂದಿನ ವರ್ಷದಿಂದ ಅವರಿಗೂ ಸಿಕ್ಕಿತು. ಸಹಾಯಕರಾದ ಆಪರೇಟರರಿಗೆ ಹಮಾಲರು ಕಿವಿಗೊಡಲು ಒಂದು ಹಂಗಾಮೇ ಹಿಡಿಯಿತು.

ಎದ್ದುಕಂಡ ಬದಲಾವಣೆಯೊಂದು ಫೆಬ್ರವರಿಯಲ್ಲಿ ಬಂತು. ರೈತರ ಗುಂಪೊಂದು ಮಾಲು ಬೇಗ ಒಳಗೆ ಸೇರಿಸುತ್ತಿಲ್ಲ ಎಂದು ಕಚೇರಿಯ ಮುಂದೆ ಗಲಾಟೆ ಎಬ್ಬಿಸಿತು. ಆ ಹೊತ್ತಿಗೆ ಅಲ್ಲಿದ್ದ ಮಾಲೀಕರು, ಹಿಂದಿನ ದಿನಗಳಾಗಿದ್ದರೆ, ವ್ಯವಸ್ಥಾಪಕರನ್ನು ಮುಂದೆ ನಿಲ್ಲಿಸಿ ತಾವು ಒಳಗೆ ಹೋಗುತ್ತಿದ್ದರು. ಈ ಸಲ ತಾವೇ ಮಾತಾಡಿದರು. ತೇವವಿರುವ ಕಾಯಿಯನ್ನು ಒಣಗಿಸದೆ ಒಳಗಿಟ್ಟರೆ ಪಕ್ಕದ ಲಾಟಿಗೂ ಬೂಷ್ಟು ಹತ್ತುತ್ತದೆ, ನಿಮ್ಮ ಮಾಲು ಉಳಿಯಲೆಂದೇ ಇವರು ನಿಲ್ಲಿಸಿದ್ದಾರೆ, ಹೋದ ವರ್ಷ ಬಿರುಗಾಳಿಯ ರಾತ್ರಿ ನಿಮ್ಮೆಲ್ಲರ ಚೀಲ ಕಾಯ್ದವರೂ ಇವರೇ ಎಂದು ವಿವರವಾಗಿ ಹೇಳಿದರು. ಹೊಗಳಬೇಕೆಂದು ಹೊಗಳಿದ ಮಾತುಗಳಲ್ಲ ಅವು. ಕೆಲಸ ಗೊತ್ತಿದ್ದವರು ಕೆಲಸದ ಪರವಾಗಿ ನಿಂತು ಆಡಿದ ಮಾತುಗಳು. ತಮಗೆ ಸಂದ ಮರ್ಯಾದೆಗಳಲ್ಲಿ ಇದೇ ದೊಡ್ಡದು ಎಂದು ವ್ಯವಸ್ಥಾಪಕರು ನನಗೆ ಹೇಳಿದ್ದಾರೆ.

ಅವರು ಈಗಲೂ ಅಲ್ಲೇ ಇದ್ದಾರೆ. ಆಗಸ್ಟಿನಲ್ಲಿ ಹೆಂಡತಿಯೊಂದಿಗೆ ಒಂದು ವಾರ ಊರೂರು ಸುತ್ತಿ ಬಂದರು. ಕೂಲಿ ದರದ ವಿಷಯದಲ್ಲಿ ಹಮಾಲರ ದೂರು ಇನ್ನೂ ಬಗೆಹರಿದಿಲ್ಲ. ದರ ನಿಗದಿಯ ಮಾತುಕತೆಗೆ ಮಾಲೀಕರೇ ಬರಬೇಕು, ವ್ಯವಸ್ಥಾಪಕರನ್ನು ನಡುವೆ ಗುರಾಣಿಯಾಗಿ ನಿಲ್ಲಿಸಬಾರದು ಎಂದು ಬರೆದುಕೊಟ್ಟಿದ್ದೇನೆ.

ಇಂಥದೇ ಸ್ಥಿತಿ ಎದುರಿಸುವ ಘಟಕಗಳಿಗೆ ಹೇಳುವುದಿಷ್ಟು. ಮೆಚ್ಚುಗೆಗೆ ದಿನ ಗೊತ್ತುಮಾಡುವ ಮೊದಲು ಆ ಮನುಷ್ಯ ಕಳೆದ ಹಂಗಾಮಿನಲ್ಲಿ ತೆಗೆದುಕೊಂಡ ಯಾವುದಾದರೂ ಒಂದು ಕಠಿಣ ನಿರ್ಧಾರವನ್ನು ವಿವರವಾಗಿ ಹೇಳಲು ನಿಮಗೆ ಸಾಧ್ಯವೇ ಎಂದು ನೋಡಿಕೊಳ್ಳಿ. ಕೆಳಗಿನವರಿಂದ ವಂತಿಗೆ ಎತ್ತಲೇಬೇಡಿ. ಅವರ ಮಾತು ಬೇಕಾದರೆ ಹೆಸರಿಲ್ಲದೆ ಕೇಳಿ, ದೂರನ್ನೂ ಸೇರಿಸಿಯೇ ತಲುಪಿಸಿ. ಈ ಶೈತ್ಯಾಗಾರದಲ್ಲಿ ಈಗ ಉಳಿದಿರುವುದು ಮುಕ್ಕಾದಮರ ವಿಷಯ. ಹಮಾಲರ ಗುಂಪನ್ನು ನಡೆಸುವ ಅವರೂ ಒಂದು ಬಗೆಯ ವ್ಯವಸ್ಥಾಪಕರೇ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು ಏನನ್ನೂ ಬರೆದಿಡುವವರಲ್ಲದ್ದರಿಂದ, ವಾರಕ್ಕೊಮ್ಮೆ ಗುಮಾಸ್ತರು ಅವರನ್ನು ಕೇಳಿ ಬರೆದುಕೊಳ್ಳುವ ವ್ಯವಸ್ಥೆಯನ್ನು ಡಿಸೆಂಬರಿನ ಹೊಸ ಮಾಲು ಬರುವ ಮೊದಲೇ ಆರಂಭಿಸಬೇಕೆಂದು ವ್ಯವಸ್ಥಾಪಕರೇ ಪಟ್ಟು ಹಿಡಿದಿದ್ದಾರೆ.